ಗುಡ್ಡೆಯ ಮೇಲೆ ಕೂತವಳ ಹೆಸರು

ಪುಸ್ತಕದ ಕೊನೆಯಲ್ಲಿ ಬರುವ ನಾಮಸೂಚಿಯ ಮೊದಲ ಹಾಳೆಯಲ್ಲೇ, ಅ ಅಕ್ಷರದ ಕೆಳಗೆ, ಅಂಜನಾ ಇರಬೇಕಾಗಿತ್ತು. ಇರಲಿಲ್ಲ. ಅಣ್ಣೆಪ್ಪ ಇದ್ದ, ಅಂಬಾದಾಸ ಇದ್ದ, ಕೆರೆ ಕೆಲಸ ನೋಡಲು ಒಂದೇ ಒಂದು ಮಧ್ಯಾಹ್ನ ಜೀಪಿನಲ್ಲಿ ಬಂದು ಮಜ್ಜಿಗೆ ಕುಡಿದು ಹೋದ ಅಧಿಕಾರಿಯೂ ಇದ್ದ. ಅಂಜನಾ ಮಾತ್ರ ಇಲ್ಲ. ಶಾಲುಬಾಯಿ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಬೆರಳಿಟ್ಟು ನೋಡಿದಳು. ಕನ್ನಡಕದ ತಪ್ಪಲ್ಲ ಅಂತ ಖಾತ್ರಿಯಾದ ಮೇಲೆ ಸಿಟ್ಟು ನೆತ್ತಿಗೇರಿತು.

"ರಶೀದಭಾಯಿ, ಇದೇನ್ರಿ ಇದು? ಅಂಜನಾ ಎಲ್ಲಿ ಹೋದಳು?"

ರಶೀದ ಅಹ್ಮದ ಬೀದರಿನ ಚೌಬಾರಾದ ಹಿಂದಿನ ಗಲ್ಲಿಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವನು. ಲಗ್ನಪತ್ರಿಕೆ, ಸಾಲಿಯ ಪ್ರಶ್ನೆಪತ್ರಿಕೆ, ಆಗೀಗ ಒಂದು ಪುಸ್ತಕ, ಇಷ್ಟೇ ಅವನ ಕಸುಬು. ಅಕ್ಷರ ಜೋಡಿಸುವುದರಲ್ಲಿ ಕೈ ಒಳ್ಳೆಯದು, ಮಾತಿನ ಅದಬು, ಮರ್ಯಾದೆ, ಇನ್ನೂ ಒಳ್ಳೆಯದು.

"ಎಲ್ಲಿ ಹೋಗ್ತಾಳ್ರಿ ಟೀಚರಮ್ಮ, ಅಲ್ಲೇ ಎಲ್ಲ್ಯರ ಇರಬೇಕು. ಸಿಸ್ಟಮ್ ತಾನೇ ಹುಡುಕಿ ತಾನೇ ಹಾಕ್ಯಾದ. ನಂದೇನೂ ಕೈ ಇಲ್ಲ ಅದರಾಗ."

ತಾನೇ! ಈ ಮಾತು ಕೇಳಿದರೆ ಶಾಲುಬಾಯಿಗೆ ಮೈಯೆಲ್ಲ ಉರಿಯುತ್ತದೆ. ಈ ವರ್ಷ ಜಿಲ್ಲೆಯಲ್ಲಿ ಎಲ್ಲವೂ ತಾನೇ ಆಗುತ್ತಿದೆ. ಪಡಿತರ ಚೀಟಿಯಿಂದ ಮುದುಕಿಯ ಹೆಸರು ತಾನೇ ಬಿದ್ದುಹೋಗುತ್ತದೆ. ಉದ್ಯೋಗ ಚೀಟಿ ತಾನೇ ರದ್ದಾಗುತ್ತದೆ. ಕೇಳಿದರೆ ಕುರ್ಚಿಯಲ್ಲಿ ಕೂತವನು ಕಂಪ್ಯೂಟರಿನ ಕಡೆಗೆ ಬೆರಳು ಮಾಡಿ ಕೈ ತೊಳೆದುಕೊಳ್ಳುತ್ತಾನೆ. ಯಾರೋ ಒಬ್ಬ ಹೇಳಿಕೊಡದೆ ಆ ಡಬ್ಬಿಗೆ ಅಷ್ಟೆಲ್ಲ ಬುದ್ಧಿ ಎಲ್ಲಿಂದ ಬರಬೇಕು?

ಅವಳು ಹಾಳೆ ತಿರುವಿದಳು. ಕ ಅಕ್ಷರದಲ್ಲಿ ಒಂದು ಸಾಲು ಸಿಕ್ಕಿತು. "ಕೌಸಲ್ಯಾಬಾಯಿ. ನೋಡಿ: ಏಕನಾಥರಾವ." ಅವಸರದಿಂದ ಏ ಅಕ್ಷರಕ್ಕೆ ಹೋದಳು. "ಏಕನಾಥರಾವ, ಮುಕದ್ದಮ" ಅಂತ ಇತ್ತು. ಅದರ ಮುಂದೆ ಪುಟಸಂಖ್ಯೆಗಳು ಒಂದರ ಹಿಂದೊಂದು ಸಾಲುಗಟ್ಟಿ, ಒಂದು ಸಾಲು ಸಾಲದೆ ಇನ್ನೊಂದಕ್ಕೆ ಇಳಿದಿದ್ದವು. ಆ ಪುಟಗಳೆಲ್ಲ ಅವಳಿಗೆ ಬಾಯಿಪಾಠ. ಅಷ್ಟೂ ಅಂಜನಾಳ ಪುಟಗಳು.

ಅಂಜನಾ ಅಂದರೂ ಕೌಸಲ್ಯಾಬಾಯಿ ಅಂದರೂ ಒಬ್ಬಳೇ, ಶಾಲುಬಾಯಿಯ ಅವ್ವ.

ಎಪ್ಪತ್ತೆರಡರ ಬರಗಾಲದಲ್ಲಿ ಔರಾದ ತಾಲ್ಲೂಕಿನಲ್ಲಿ ಕೂಲಿಯವರು ತೋಡಿದ ಒಂದು ಕೆರೆಯ ಕಥೆ ಆ ಪುಸ್ತಕ. ಭಾಲ್ಕಿಯ ಹೈಸ್ಕೂಲಿನಲ್ಲಿ ಪಾಠ ಮಾಡುವ ಶಾಲುಬಾಯಿ ಬೇಸಿಗೆ ರಜೆಗಳಲ್ಲಿ ಊರೂರು ತಿರುಗಿ, ಅಲ್ಲಿ ಮಣ್ಣು ಹೊತ್ತ ಮುದುಕ ಮುದುಕಿಯರ ಮಾತು ಬರೆದುಕೊಂಡು ಬಂದಿದ್ದಳು. ಈಗ ಮತ್ತೆ ಮಳೆ ಕೈಕೊಟ್ಟು ಕಾರಂಜಾ ಜಲಾಶಯದ ತಳ ಕಾಣುತ್ತಿದೆ. ಅವಳು ಮಾತಾಡಿಸಿದವರಲ್ಲಿ ಕೆಲವರು ಮಕ್ಕಳ ಹಿಂದೆ ಹೈದರಾಬಾದಿಗೆ, ಪುಣೆಗೆ ಗಂಟು ಕಟ್ಟಿಕೊಂಡು ಹೋದರು. ಹೋಗುವಾಗ ಎಲ್ಲರೂ ಕೇಳಿದ್ದು ಒಂದೇ ಮಾತು: "ಇಷ್ಟು ದಪ್ಪ ಪುಸ್ತಕದಾಗ ನಾ ಎಲ್ಲಿ ಇದ್ದೇನಿ ಅಂತ ಹ್ಯಾಂಗ ಗೊತ್ತಾಗಬೇಕವ್ವ?" ಕೊನೆಯಲ್ಲಿ ಹೆಸರುಗಳು ಇರುತ್ತವೆ, ಹೆಸರಿನ ಮುಂದೆ ಪುಟ ಇರುತ್ತದೆ, ಮೊಮ್ಮಕ್ಕಳು ಬೆರಳಿಟ್ಟು ತೋರಿಸುತ್ತಾರೆ ಅಂತ ಅವಳು ಮಾತು ಕೊಟ್ಟಿದ್ದಳು. ಆ ನಾಮಸೂಚಿ ಅವಳ ಪಾಲಿಗೆ ಪುಸ್ತಕದ ಬಾಲವಲ್ಲ, ಬಾಗಿಲು.

ಅವ್ವ ಮಾತ್ರ ಬಹಳ ದಿನ ಬಾಯಿ ಬಿಡಲಿಲ್ಲ. ಕೊನೆಗೆ ಒಂದು ದಿನ ಜೋಳ ಹಸನು ಮಾಡುತ್ತ ಕೂತವಳು ತಾನಾಗಿ ಎಲ್ಲ ಹೇಳಿದಳು. ಹೇಳಿ ಮುಗಿಸಿ, "ಅಂಜನಾ ಅಂತ ಬರಿ. ಹಿಂದ ಹೆಸರು ಹಾಕ್ತಿ ನೋಡು, ಅಲ್ಲೂ ಅಂಜನಾ ಅಂತ್ಲೇ ಹಾಕು," ಅಂದಳು. ಬೇರೆ ಏನೂ ಕೇಳಲಿಲ್ಲ. ಮಗಳಾಗಿ ಹುಟ್ಟಿ ಇಷ್ಟು ವರ್ಷವಾದರೂ ಅವ್ವ ತನಗಾಗಿ ಏನಾದರೂ ಕೇಳಿದ್ದು ಶಾಲುಬಾಯಿಗೆ ನೆನಪಿಲ್ಲ.

"ತೋರಿಸ್ರಿ ನನಗ," ಅಂದಳು ಶಾಲುಬಾಯಿ. "ನಿಮ್ಮ ಸಿಸ್ಟಮ್ ಹ್ಯಾಂಗ ತಾನೇ ಹಾಕ್ತದ, ನನ್ನ ಕಣ್ಣ ಮುಂದ ಹಾಕಿ ತೋರಿಸ್ರಿ."

ರಶೀದ ಒಂದು ಕೋಷ್ಟಕ ತೆರೆದ. ಎಡಗಡೆ ಪುಸ್ತಕದೊಳಗೆ ಬರುವ ಹೆಸರು, ಬಲಗಡೆ ಆ ಹೆಸರು ಸೂಚಿಯಲ್ಲಿ ಯಾರ ಕೆಳಗೆ ಹೋಗಬೇಕು ಅನ್ನುವುದು. ಗುಂಡಿ ಒತ್ತಿದರೆ ಯಂತ್ರ ಪುಟ ಪುಟ ಹುಡುಕಿ, ಎಡಗಡೆಯ ಹೆಸರು ಸಿಕ್ಕಲ್ಲೆಲ್ಲ ಕಣ್ಣಿಗೆ ಕಾಣದ ಗುರುತು ಹಾಕಿ, ಆ ಪುಟದ ಸಂಖ್ಯೆಯನ್ನು ಬಲಗಡೆಯ ಹೆಸರಿನ ಮುಂದೆ ತಂದು ಸುರಿಯುತ್ತದೆ. ಒಂದು ಕಪ್ ಚಹಾ ಕುಡಿಯುವುದರೊಳಗೆ ಕೆಲಸ ಮುಗಿಯುತ್ತದೆ. ಮೊದಲೆಲ್ಲ ಇದಕ್ಕೆ ವಾರಗಟ್ಟಲೆ ಕಣ್ಣು ಕೆಡಿಸಿಕೊಳ್ಳಬೇಕಾಗಿತ್ತು. ಎಡಗಡೆ ಅಂಜನಾ ಇತ್ತು, ಕೌಸಲ್ಯಾಬಾಯಿಯೂ ಇತ್ತು. ಎರಡಕ್ಕೂ ಬಲಗಡೆ ಏಕನಾಥರಾವ.

"ಇದನ್ನ ಯಾರು ಬರದಾರ್ರಿ? ಸಿಸ್ಟಮ್ಮೇನು?"

ರಶೀದ ತಲೆ ಕೆಳಗೆ ಹಾಕಿದ. "ನಾನೇ ಬರದೀನಿ. ಅಂಜನಾ ಮತ್ತ ಕೌಸಲ್ಯಾಬಾಯಿ ಒಬ್ಬರೇ ಅಂತ ಒಳಗ ಓದ್ದೆ. ಒಬ್ಬರು ಎರಡು ಕಡಿ ಬರಬಾರದು ನೋಡ್ರಿ. ಯಾರ ಹೆಸರಿನಾಗ ಹಾಕ್ಲಿ ಅಂತ ಅಧ್ಯಕ್ಷ ಸಾಹೇಬರಿಗಿ ಫೋನ್ ಹಚ್ಚಿದೆ. ನಮ್ಮ ಮನಿ ಸೊಸಿ ಇದ್ದಾಳ, ನನ್ನ ಹೆಸರಿನಾಗೇ ಹಾಕು, ಕೌಸಲ್ಯಾಬಾಯಿ ಮುಂದ ನೋಡಿ ಅಂತ ಬರಿ, ಅಂಜನಾ ಅಂತ ಎಲ್ಲೂ ಬ್ಯಾಡ ಅಂದ್ರು. ನನಗೂ ಅದೇ ಅದಬು ಅನ್ನಿಸ್ತು. ನಮ್ಮ ಮನಿಯಾಗೂ ದಾವತ್ ಚೀಟಿ ಬಂದ್ರ ಬೇಗಮ್ ಹೆಸರು ಇರಂಗಿಲ್ಲ, ನಂದೇ ಇರ್ತದ."

"ನನಗ ಯಾಕ ಫೋನ್ ಹಚ್ಚಲಿಲ್ಲ? ಪುಸ್ತಕ ಬರದಾಕಿ ನಾನು!"

"ಅವರು ಅಧ್ಯಕ್ಷರಿದ್ದಾರ ಟೀಚರಮ್ಮ. ನಿಮಗ ದೊಡ್ಡಪ್ಪ ಬೇರೆ. ಗೊತ್ತಿದ್ದೇ ಹೇಳ್ತಾರ ಅಂದ್ಕೊಂಡೆ."

ಗೊತ್ತಿದ್ದೇ ಹೇಳಿದ್ದಾನೆ, ಅದೇ ಸಂಕಟ. ಪುಸ್ತಕ ಹೊರತಂದು ಔರಾದಿನಲ್ಲಿ ಬಿಡುಗಡೆ ಮಾಡುವ ಸಮಿತಿಗೆ ಏಕನಾಥರಾವನೇ ಅಧ್ಯಕ್ಷ. ಈಗಲೇ ತಿದ್ದಿರಿ ಅಂತ ಶಾಲುಬಾಯಿ ಮೇಜು ಕುಟ್ಟಿದಳು. ಅಧ್ಯಕ್ಷರು ಕೊನೆಯ ಪ್ರತಿ ನೋಡಿ ಹೂಂ ಅಂದಾಗಿದೆ, ನಾಳೆ ಸಂಜೆ ಹೈದರಾಬಾದಿನ ಪ್ರೆಸ್ಸಿಗೆ ಕಳಿಸಬೇಕು, ಅವರ ಮಾತಿಲ್ಲದೆ ಒಂದು ಅಕ್ಷರವನ್ನೂ ಮುಟ್ಟುವುದಿಲ್ಲ ಅಂತ ರಶೀದ ಕೈ ಮುಗಿದ. ಅವನ ಅದಬಿಗೆ ಬೆಂಕಿ ಹಚ್ಚಬೇಕು ಅನ್ನಿಸಿತು. ಪ್ರತಿಯನ್ನು ಚೀಲಕ್ಕೆ ತುರುಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು.

ಭಾಲ್ಕಿಯ ಬಸ್ಸಿನಲ್ಲಿ ಕೂತರೂ ಸಿಟ್ಟು ಇಳಿಯಲಿಲ್ಲ. ಕಿಟಕಿಯ ಆಚೆ ತೊಗರಿಯ ಒಣಗಿದ ಕಟ್ಟಿಗೆ, ಖಾಲಿ ಕೊಡಗಳ ಸಾಲು, ಟ್ಯಾಂಕರಿನ ಹಿಂದೆ ಓಡುವ ಹೆಂಗಸರು. ಇಂಥದೇ ವರ್ಷ ಅದು. ಖಟಕ ಚಿಂಚೋಳಿಯಿಂದ ಒಂದು ತಂಡ ಔರಾದ ಕಡೆಯ ಕೆರೆ ಕೆಲಸಕ್ಕೆ ಹೋಗಿತ್ತು. ಅದರಲ್ಲಿ ಹದಿನೇಳರ ಹುಡುಗಿ ಅಂಜನಾ ಇದ್ದಳು. ಆ ತಂಡದ ಮುಕದ್ದಮ, ಅಂದರೆ ಮೇಸ್ತ್ರಿ, ಏಕನಾಥ.

ಮಣ್ಣು ತೋಡುವ ಕೆಲಸದಲ್ಲಿ ಗುಂಡಿಯ ನಡುವೆ ಒಂದಿಷ್ಟು ನೆಲವನ್ನು ತೋಡದೆ ಕಂಬದಂತೆ ಬಿಟ್ಟಿರುತ್ತಾರೆ. ಅದೇ ಗುಡ್ಡೆ. ಅದರ ನೆತ್ತಿಯೇ ಹಳೆಯ ನೆಲ. ಇಂಜಿನಿಯರು ಬಂದು ನೆತ್ತಿಯಿಂದ ಬುಡಕ್ಕೆ ಟೇಪು ಹಿಡಿದರೆ ಎಷ್ಟು ಆಳ ತೋಡಿದ್ದಾರೆ ಅಂತ ಗೊತ್ತಾಗುತ್ತದೆ, ಕೂಲಿ ಅದರ ಮೇಲೆ. ಏಕನಾಥ ಏನು ಮಾಡುತ್ತಿದ್ದನೆಂದರೆ, ಅಳತೆಯ ಹಿಂದಿನ ದಿನ ಗುಡ್ಡೆಗಳ ನೆತ್ತಿ ಕೆತ್ತಿಸಿ, ಮೇಲೆ ಒಣ ಹುಲ್ಲಿನ ಹೆಂಟೆ ಕೂಡಿಸಿ, ಹಳೆಯ ನೆಲದ ಹಾಗೆ ಕಾಣುವಂತೆ ಮಾಡುತ್ತಿದ್ದ. ಗುಂಡಿ ಗಿಡ್ಡವಾಗುತ್ತಿತ್ತು, ಕೂಲಿಯೂ ಗಿಡ್ಡವಾಗುತ್ತಿತ್ತು. ಹಾಗೆ ಕಡಿಮೆಯಾದ ಆಳವನ್ನು ಲೆಕ್ಕದಲ್ಲಿ ತನ್ನ ಮಂದಿಯ ಹೆಸರಿಗೆ ಬರೆಸಿ, ಆ ಕೂಲಿ ಎಣಿಸಿಕೊಂಡು ಮೀಸೆ ತಿರುವುತ್ತಿದ್ದ. ಹೊಟ್ಟೆಗಿಲ್ಲದವರ ಬೆವರನ್ನು ಸಲಿಕೆಯಿಂದ ಕೆತ್ತಿ ತಿಂದ ಮನುಷ್ಯ ಅವನು.

ಅಂಜನಾ ನೋಡಿಬಿಟ್ಟಳು. ಮರುದಿನ ಬೆಳಿಗ್ಗೆ ಇನ್ನೂ ಕೆತ್ತದೆ ಉಳಿದಿದ್ದ ತನ್ನ ಗುಂಡಿಯ ಗುಡ್ಡೆ ಹತ್ತಿ ಕೂತಳು. ಸಲಿಕೆ ಹಿಡಿದು ಬಂದವನಿಗೆ, "ಇದರ ನೆತ್ತಿ ಕೆತ್ತಬೇಕಂದ್ರ ಮೊದಲ ನನ್ನ ಕೆತ್ತು," ಅಂದಳು. ಏಕನಾಥ ಬೈದ, ಕಲ್ಲು ಎತ್ತಿದ, ಅವಳಪ್ಪನನ್ನು ಕರೆಸಿ ಕೆಲಸದಿಂದ ತೆಗೆಯುತ್ತೇನೆ ಅಂತ ಹೆದರಿಸಿದ. ಅವಳು ಕೂತೇ ಇದ್ದಳು. ಬಿಸಿಲು ಏರಿದಂತೆ ಇನ್ನೊಬ್ಬಳು ಹೋಗಿ ತನ್ನ ಗುಡ್ಡೆಯ ಮೇಲೆ ಕೂತಳು. ಆಮೇಲೆ ಮತ್ತೊಬ್ಬಳು. ಮಧ್ಯಾಹ್ನದ ಹೊತ್ತಿಗೆ ಕೆರೆಯಂಗಳದ ತುಂಬ ಗುಡ್ಡೆ ಗುಡ್ಡೆಗೂ ಒಬ್ಬೊಬ್ಬ ಹೆಂಗಸು. ಇಂಜಿನಿಯರು ಬಂದಾಗ ಅಂಜನಾಳ ಅಂಗಾಲಿನಿಂದಲೇ ಟೇಪು ಇಳಿಬಿಟ್ಟು ಅಳೆದ. ಆ ಕೆರೆಯಲ್ಲಿ ಮತ್ತೆ ಯಾರೂ ಗುಡ್ಡೆ ಕೆತ್ತಲಿಲ್ಲ. ಔರಾದ ಕಡೆ ಶಾಲುಬಾಯಿ ಮಾತಾಡಿಸಿದ ಮುದುಕಿಯರೆಲ್ಲ ಎಲ್ಲಿಂದಲೋ ಶುರು ಮಾಡಿ ಅಲ್ಲಿಗೇ ಬಂದು ನಿಲ್ಲುತ್ತಿದ್ದರು. ಗುಡ್ಡೆ ಮೇಲೆ ಕೂತ ಅಂಜನಾ ಈಗ ಎಲ್ಲಿದ್ದಾಳೋ ಏನೋ ಅನ್ನುತ್ತಿದ್ದರು.

ಎಲ್ಲಿದ್ದಳು? ಏಕನಾಥನ ಮನೆಯ ಒಲೆಯ ಮುಂದೆ. ಬರಗಾಲ ಬಿಗಿಯಾದಾಗ ಅವಳಪ್ಪ ಹೈದರಾಬಾದಿಗೆ ಹೊರಟು ನಿಂತಿದ್ದ. ಬೆಳೆದ ಮಗಳನ್ನು ಕಟ್ಟಿಕೊಂಡು ಫುಟ್‌ಪಾತಿನಲ್ಲಿ ಹೇಗೆ ಮಲಗುವುದು? ಆ ಹೊತ್ತಿಗೆ ಸರಿಯಾಗಿ ಏಕನಾಥ ತನ್ನ ತಮ್ಮ ದತ್ತಾತ್ರಿಗೆ ಅವಳನ್ನು ಕೇಳಿಸಿದ. ಊರವರು ದೊಡ್ಡ ಮನಸ್ಸು ಅಂತ ಹೊಗಳಿದರು. ದೊಡ್ಡ ಮನಸ್ಸಲ್ಲ, ಹಳೆಯ ಸೇಡಿಗೆ ಮಸೆದ ಹಲ್ಲು. ಈ ಕಡೆ ಲಗ್ನದಲ್ಲಿ ಹೊಸ ಸೊಸೆಗೆ ಹೊಸ ಹೆಸರು ಇಡುವ ಪದ್ಧತಿ ಇದೆ. ಗಂಡ ತಟ್ಟೆಯಲ್ಲಿ ಅಕ್ಕಿ ಹರವಿ ಬೆರಳಿನಿಂದ ಬರೆಯುತ್ತಾನೆ, ಅಂದಿನಿಂದ ತವರಿನ ಹೆಸರು ಮುಗಿಯಿತು. "ಕೌಸಲ್ಯಾ ಅಂತ ಬರಿ. ಆ ಹಳೇ ಹೆಸರು ನನ್ನ ಹೊಸ್ತಿಲಾ ದಾಟಬಾರದು," ಅಂದ ಏಕನಾಥ. ದತ್ತಾತ್ರಿ ಬರೆದ. ಶಾಲುಬಾಯಿಯ ಅಪ್ಪ ಕೆಟ್ಟವನಲ್ಲ, ಹೆಂಡತಿಗೆ ಒಂದು ದಿನ ಗದರಿದವನಲ್ಲ. ಆದರೆ ಸಾಯುವ ತನಕ ಏಕಾಂತದಲ್ಲೂ ಅವಳನ್ನು ಅಂಜನಾ ಅಂತ ಕರೆಯಲಿಲ್ಲ. ತೀರಿಹೋದ ಅಪ್ಪನ ಮೇಲೂ ಇವತ್ತು ಅವಳಿಗೆ ಸಿಟ್ಟು ಬಂತು.

ಅವಳು ಬಸ್ಸಿಳಿದು ಮನೆಗೆ ಬಂದಾಗ ಏಕನಾಥರಾವ ಪಡಸಾಲೆಯಲ್ಲಿ ಆರಾಮ ಕುರ್ಚಿಗೆ ಒರಗಿ ಅಡಿಕೆ ಕತ್ತರಿಸುತ್ತಿದ್ದ. ವಯಸ್ಸು ಎಪ್ಪತ್ತು ದಾಟಿದರೂ ಗತ್ತು ಇಳಿದಿಲ್ಲ. ಎದುರಿನ ಗೋಡೆಯ ಮೇಲೆ ಅವನವೇ ಫೋಟೋ, ಅವನವೇ ಹಾರ. ಶಾಲುಬಾಯಿ ಪ್ರತಿಯನ್ನು ಅವನ ಮುಂದಿನ ಸ್ಟೂಲಿನ ಮೇಲೆ ಒಗೆದಳು.

"ಇದು ನೀವು ಹೇಳಿ ಮಾಡಿಸಿದ್ದೇನ್ರಿ ದೊಡ್ಡಪ್ಪ?"

"ಹೌದು, ನಾನೇ ಹೇಳೀನಿ. ಏನಾಯ್ತೀಗ?"

"ಅಂಜನಾ ಅಂತ ಇರಬೇಕಾದ್ದು ನಿಮ್ಮ ಹೆಸರಿನಾಗ ಹೋಗ್ಯಾದ, ಅದಾಯ್ತು!"

ಆ ಹೆಸರು ಕಿವಿಗೆ ಬಿದ್ದದ್ದೇ ಅವನ ಅಡಕತ್ತರಿ ನಿಂತಿತು. "ಆ ಹೆಸರು ಈ ಮನಿಯಾಗ ತಗಿಬ್ಯಾಡ. ಅದು ಅಕ್ಕಿ ಒಳಗ ಮುಗದಾದ. ಸೊಸಿ ಅಂದ್ರ ಮನಿ ಹೆಸರಿನಾಗ ಇರಬೇಕು. ನಾಲ್ಕು ಮಂದಿ ನೋಡಿದ್ರ ಚಂದ ಕಾಣಬೇಕು."

"ಒಳಗ ಏನು ಬರದಾದ ಓದೀರೇನ್ರಿ? ಗುಡ್ಡೆ ಕೆತ್ತಿಸಿದ್ದು ಎಲ್ಲಾ ಅದ."

ಏಕನಾಥರಾವ ನಕ್ಕ. "ಇರಲಿ ಬಿಡು. ಎರಡು ನೂರು ಪುಟ ಯಾವ ಮಗ ಓದ್ತಾನ? ಎಲ್ಲರೂ ಹಿಂದಿನ ಎರಡು ಹಾಳಿ ನೋಡ್ತಾರ, ನಂದು ಹೆಸರು ಅದನೋ ಇಲ್ಲೋ ಅಂತ. ನಾನೂ ಅದನ್ನೇ ನೋಡ್ದೆ. ಇಡೀ ಪುಸ್ತಕದಾಗ ಎಲ್ಲರಕಿಂತ ಹೆಚ್ಚು ಪುಟ ನಂದೇ ಹೆಸರಿಗಿ ಅವ. ಔರಾದ ಸಮಾರಂಭದಾಗ ನಿರೂಪಕ ಇದನ್ನೇ ಓದಿ ಹೇಳ್ತಾನ, ಕೆರಿ ಮಂದಿ ಅತೀ ಹೆಚ್ಚು ನೆನಸಿದ್ದು ಏಕನಾಥರಾವರನ್ನ ಅಂತ. ಶಾಲು ಹೊದಿಸ್ತಾರ. ನೀನೂ ವೇದಿಕಿ ಮ್ಯಾಲ ಇರ್ತಿ, ನಗ್ತಾ ಕುಂದ್ರು."

"ನಾ ತಿದ್ದಿಸ್ತೇನಿ."

"ನನ್ನ ಬಿಟ್ಟು ಆ ರಶೀದ ಒಂದು ಕೊಂಬು ಸೈತ ಹಚ್ಚಂಗಿಲ್ಲ. ಹೋಗು, ನಿಮ್ಮವ್ವಗ ಚಹಾ ಇಡು ಅಂತ ಹೇಳು."

ಕೌಸಲ್ಯಾಬಾಯಿ ಅಡುಗೆಮನೆಯ ಬಾಗಿಲ ಮರೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದಳು. ಗಂಡನ ಅಣ್ಣನ ಮುಂದೆ ತಲೆಯ ಮೇಲಿನ ಸೆರಗು ಮೂಗಿನ ತನಕ ಇಳಿಯಬೇಕು, ನೇರ ಮಾತಾಡಕೂಡದು. ಹೇಳುವುದಿದ್ದರೆ ನಡುವೆ ಒಬ್ಬರು ಬೇಕು. ಇಷ್ಟು ವರ್ಷ ಅವಳು ಇದನ್ನು ಒಂದು ಸಲವೂ ತಪ್ಪಿಸಿರಲಿಲ್ಲ. ಶಾಲುಬಾಯಿ ಒಳಗೆ ಬಂದವಳೇ ಅವಳ ಮೇಲೆ ಹರಿಹಾಯ್ದಳು.

"ನೀ ಹಿಂಗ ಸುಮ್ಮ ಇದ್ದಿದ್ದಕ್ಕೇ ಅವರು ಇಷ್ಟು ಏರ್ಯಾರ. ಒಂದು ದಿನರ ಬಾಯಿ ತಗದಿ?"

"ನಾ ಸುಮ್ಮ ಇದ್ದಿದ್ದಿಲ್ಲ," ಅಂದಳು ಅವ್ವ. ದನಿ ಸಣ್ಣದು, ಆದರೆ ಕಣ್ಣು ಕೆಂಡದಂತಿತ್ತು. "ಆ ಹೆಸರು ಒಳಗ ಇಟ್ಕೊಂಡಿದ್ದೆ. ಇವರ ಕೈಯಾಗ ಕೊಡಲಿಲ್ಲ. ಇದೇ ಮೊದಲನೇ ಸಲ ಒಬ್ಬರ ಕೈಯಾಗ ಕೊಟ್ಟೆ, ನಿನ್ನ ಕೈಯಾಗ. ನೀ ಹೋಗಿ ಕಳಕೊಂಡು ಬಂದೀದಿ. ಈಗ ನನಗೇ ಬೈತಿ?"

ಶಾಲುಬಾಯಿಗೆ ಕಪಾಳಕ್ಕೆ ಹೊಡೆದಂತಾಯಿತು. ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ಪ್ರತಿ ಈಸಿಕೊಂಡಳು. ಅಕ್ಷರ ಕೂಡಿಸಿ ಕೂಡಿಸಿ ನಿಧಾನಕ್ಕೆ ಓದುವವಳು ಅವಳು. ಕ ಅಕ್ಷರದ ಸಾಲಿನ ಮೇಲೆ ಬೆರಳಿಟ್ಟಳು.

"ಇದೇನು, ನೋಡಿ ಅಂತ ಯಾಕ ಅದ?"

"ಇಲ್ಲಿ ಏನೂ ಇಲ್ಲ, ಬೇಕಾದ್ರ ಅವರ ಹೆಸರಿನಾಗ ಹೋಗಿ ನೋಡ್ರಿ ಅಂತ."

"ಹಾಂ. ಮತ್ತ ನಿಮ್ಮ ದೊಡ್ಡಪ್ಪನ ಹೆಸರು ನಾ ಇಲ್ಲದ ಪುಟದಾಗ ಎಲ್ಲ್ಯರ ಬಂದಾದೇನು?"

ಶಾಲುಬಾಯಿ ಯೋಚಿಸಿದಳು. ಪುಟಗಳನ್ನು ತಿರುವಿದಳು. ಮುನ್ನುಡಿಯಲ್ಲಿ ಅಧ್ಯಕ್ಷ ಅಂತ ಅವನ ಹೆಸರಿತ್ತು, ಆದರೆ ಅದನ್ನು ಸೂಚಿಗೆ ಸೇರಿಸಿರಲಿಲ್ಲ. ಉಳಿದಂತೆ ಯಾವ ಮುದುಕಿಯೂ ಏಕನಾಥನನ್ನು ಅವನ ಸಲುವಾಗಿ ನೆನೆದಿರಲಿಲ್ಲ. ಅಂಜನಾ ಬಂದಲ್ಲಿ ಮಾತ್ರ ಅವನು ಬರುತ್ತಿದ್ದ, ಸಲಿಕೆ ಹಿಡಿದುಕೊಂಡು.

"ಎಲ್ಲೂ ಇಲ್ಲವ್ವ."

ಕೌಸಲ್ಯಾಬಾಯಿ ಪ್ರತಿ ಮಡಚಿ ಮಗಳ ಕೈಗೆ ಕೊಟ್ಟಳು. "ನಾಳಿ ಮೊದಲನೇ ಬಸ್ಸಿಗಿ ಬೀದರಿಗಿ ಹೋಗಮು. ಚಹಾ ಅವರೇ ಇಟ್ಕೊಳ್ಳಲಿ."

ಮರುದಿನ ರಶೀದ ಅಂಗಡಿಯ ಶಟರು ಎತ್ತಿ, ದೇವರ ಹೆಸರು ಹೇಳಿ, ಕಂಪ್ಯೂಟರು ಚಾಲೂ ಮಾಡಿ, ಚಹಾ ಹೇಳಲು ಹೊರಗೆ ಹೋಗಿ ಬರುವುದರೊಳಗೆ ಕೌಸಲ್ಯಾಬಾಯಿ ಅವನ ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು. ಗಿರಾಕಿಗಳಿಗೆ ಇಟ್ಟ ಬೆಂಚು ಖಾಲಿ ಇತ್ತು. ಅವಳು ಕೂತದ್ದು ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ.

"ಅಮ್ಮಾ, ಇದು ನಂದು ಕೆಲಸದ ಕುರ್ಚಿ."

"ಮಾಲೂಮ್ ಅದಪ್ಪ. ನಂದೂ ಕೆಲಸ ಅದ. ಅಂಜನಾ ಅಂತ ಹಾಕು, ಏಳ್ತೇನಿ."

ರಶೀದ ಬೇಡಿಕೊಂಡ. ಪ್ರೆಸ್ಸಿನ ಅವಸರ ಹೇಳಿದ, ಲಗ್ನಪತ್ರಿಕೆಯ ಗಿರಾಕಿ ಬಂದು ನಿಂತದ್ದನ್ನು ತೋರಿಸಿದ. ಅವಳು ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಪರದೆಯನ್ನೇ ನೋಡುತ್ತ ಕೂತಳು. ಕಣ್ಣ ಮುಂದೆ ಅವ್ವ ಹಾಗೆ ಕೂತದ್ದು ನೋಡಿದಾಗ, ಬರೆದುಕೊಂಡ ಮಾತೆಲ್ಲ ಶಾಲುಬಾಯಿಗೆ ಇದೇ ಮೊದಲು ಕಣ್ಣಿಗೆ ಕಂಡಂತಾಯಿತು. ಔರಾದ ಮುದುಕಿಯರು ಹೇಳಿದ್ದರಲ್ಲಿ ಒಂದು ಕೂದಲಷ್ಟೂ ಸುಳ್ಳಿರಲಿಲ್ಲ. ಕೊನೆಗೆ ರಶೀದ ಬೇರೆ ದಾರಿ ಕಾಣದೆ ಭಾಲ್ಕಿಗೆ ಫೋನು ಹಚ್ಚಿದ.

ಏಕನಾಥರಾವ ಬಾಡಿಗೆ ಕಾರು ಮಾಡಿಕೊಂಡು ಬಂದ. ಬಾಗಿಲಲ್ಲಿ ಕೋಲು ಊರಿ ನಿಂತ. ಕೌಸಲ್ಯಾಬಾಯಿಯ ಸೆರಗು ತನ್ನಷ್ಟಕ್ಕೆ ಮೂಗಿನ ತನಕ ಇಳಿಯಿತು, ಆದರೆ ಅವಳು ಏಳಲಿಲ್ಲ.

"ಶಾಲೂ, ನಿಮ್ಮವ್ವಗ ಹೇಳು, ಏಳಂತ. ಮನಿ ಮರ್ಯಾದಿ ಬಜಾರಕ್ಕ ತಂದಾಳ."

"ಶಾಲೂ, ನಿಮ್ಮ ದೊಡ್ಡಪ್ಪಗ ಹೇಳು, ಹೆಸರು ಹಾಕಿದ ಮ್ಯಾಲ ಏಳ್ತೇನಂತ."

"ಹೇಳು ಆಕಿಗಿ, ಆ ಹೆಸರಿನಾಕಿ ನಮ್ಮ ಮನಿಯಾಗ ಯಾರೂ ಇಲ್ಲ ಅಂತ."

ಇಬ್ಬರ ನಡುವೆ ಒಂದು ಮೇಜಿನಷ್ಟು ಜಾಗ. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುತ್ತಿದೆ. ನಡುವೆ ಅವಳು ಟಪಾಲು ಹಂಚಬೇಕಂತೆ! ಶಾಲುಬಾಯಿಯ ತಾಳ್ಮೆ ಹರಿದುಹೋಯಿತು. "ನಾ ಯಾರಿಗೂ ಏನೂ ಹೇಳಂಗಿಲ್ಲ! ನಿಮಗ ಬಾಯಿ ಇಲ್ಲೇನು? ಮಾತಾಡ್ರಿ!" ಅಂತ ಚೀರಿದಳು. ಲಗ್ನಪತ್ರಿಕೆಯ ಗಿರಾಕಿ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ.

ಕೌಸಲ್ಯಾಬಾಯಿ ಸೆರಗನ್ನು ಹಿಂದಕ್ಕೆ ಸರಿಸಿದಳು. ನರೆತ ಕೂದಲು, ಬಿಸಿಲು ತಿಂದ ಹಣೆ. ನಡುವೆ ಸೆರಗಿಲ್ಲದೆ ಅವನು ಆ ಮುಖ ನೋಡಿದ್ದು ಕೆರೆಯಂಗಳದ ಗುಡ್ಡೆಯ ಮೇಲೆ. ಆಮೇಲೆ ಇವತ್ತೇ.

"ಭಾವ," ಅಂದಳು ನೇರ ಅವನ ಕಣ್ಣಿಗೆ ಕಣ್ಣಿಟ್ಟು, "ನೀವು ಗುಡ್ಡಿ ಕೆತ್ತಿದ್ರಿ, ನಾ ಕುಂತೆ. ಹೆಸರು ಕೆತ್ತಿದ್ರಿ, ನಾ ಬಾಯಿ ಮುಚ್ಚಿ ನಿಮ್ಮ ಮನಿಯಾಗ ರೊಟ್ಟಿ ಬಡದೆ. ಈಗ ನಾ ಕುಂತಿದ್ದನ್ನೂ ನಿಮ್ಮ ಹೆಸರಿಗಿ ಬರಕೊಂಡೀರಿ. ನಾಚಿಕಿ ಆಗಂಗಿಲ್ಲೇನ್ರಿ? ಅಲ್ಲಿ ಕುಂತಾಕಿ ನಾನು. ನೀವು ಕಲ್ಲು ಹಿಡದು ಕೆಳಗ ನಿಂತಿದ್ರಿ."

ಏಕನಾಥರಾವನ ಮುಖ ಕಪ್ಪಿಟ್ಟಿತು. ಅವಳನ್ನು ಬಿಟ್ಟು ರಶೀದನ ಮೇಲೆ ಎಗರಿದ. "ಇದೆಲ್ಲಾ ನಿಂದೇ ಕಿತಾಪತಿ! ಸಮಾರಂಭನೇ ಬಂದ್ ಮಾಡಿಸ್ತೇನಿ!"

"ಮಾಡಿಸ್ರಿ," ಅಂದಳು ಶಾಲುಬಾಯಿ. "ಕೆರಿ ಅಲ್ಲೇ ಅದ, ಮಂದಿ ಅಲ್ಲೇ ಇದ್ದಾರ. ಒಡ್ಡಿನ ಮ್ಯಾಲ ನಿಂತು ಹಂಚ್ತೇನಿ."

ರಶೀದನಿಗೂ ಅಷ್ಟು ಹೊತ್ತಿಗೆ ಸಾಕಾಗಿತ್ತು. ನಿನ್ನೆ ಟೀಚರಮ್ಮನ ಬೈಗುಳ, ಇವತ್ತು ಇವನದು. ಅದಬು ಬಿಡದೆಯೇ ಅವನೂ ಬಿಗಿಯಾದ. "ಸಾಹೇಬ್ರೆ, ಪುಸ್ತಕ ಟೀಚರಮ್ಮಂದು, ಹೆಸರು ಅಮ್ಮಾಂದು. ಅಂಜನಾ ಅಂಜನಾ ಅಂತ್ಲೇ ಹೋಗ್ತದ, ಇದರಾಗ ಇನ್ನ ನಾ ಯಾರನ್ನೂ ಕೇಳಂಗಿಲ್ಲ. ಮೊದಲೇ ಹಂಗ ಮಾಡಬೇಕಿತ್ತು, ನಂದು ಗಲ್ತಿ. ಈಗ ಸವಾಲ್ ಇರೋದು ನಿಮ್ದು. ಆ ಪುಟ ಎಲ್ಲಾ ಅಮ್ಮಾನ ಕಡಿ ಹೋದ್ರ ನಿಮ್ಮ ಹೆಸರಿನ ಮುಂದ ಏನು ಹಾಕ್ಲಿ?"

"ಆ ಪುಟ ನನ್ನ ಮುಂದೂ ಇರಲಿ!"

"ಇರಂಗಿಲ್ಲ," ಅಂದಳು ಕೌಸಲ್ಯಾಬಾಯಿ. "ಒಂದೇ ಮಾತು ಎರಡು ಕಡಿ ಬರಬಾರದು ಅಂತ ನೀವೇ ಒಪ್ಪಿ ನನ್ನ ನಿಮ್ಮ ಕೆಳಗ ಹಾಕಿಸಿದ್ರಿ. ಅದೇ ಲೆಕ್ಕ ಇರಲಿ. ರಶೀದಾ, ನನ್ನ ಹೆಸರಿನ ಮುಂದ ಏನು ಹಾಕಿದ್ದಿ, ಅದನ್ನೇ ಅವರ ಹೆಸರಿನ ಮುಂದ ಹಾಕಪ್ಪ. ನೋಡಿ, ಅಂತ. ಬ್ಯಾಡಾದ್ರ ತಗದು ಒಗಿ."

ಶಾಲುಬಾಯಿ ದೊಡ್ಡಪ್ಪನ ಮುಖವನ್ನೇ ನೋಡುತ್ತಿದ್ದಳು. ಈ ಮನುಷ್ಯ ಸಿಟ್ಟಿನಿಂದ ಹೊರಟುಹೋಗಬಹುದಿತ್ತು. ನನ್ನ ಹೆಸರೇ ಬೇಡ ಅನ್ನಬಹುದಿತ್ತು, ಅಷ್ಟಾದರೂ ಮಾನ ಉಳಿಯುತ್ತಿತ್ತು. ಆದರೆ ಔರಾದಿನ ವೇದಿಕೆ, ಹಂಚಿದ ಆಮಂತ್ರಣಗಳು, ಹಿಂದಿನ ಎರಡು ಹಾಳೆ ತಿರುವಿ ಅಧ್ಯಕ್ಷರ ಹೆಸರೇ ಇಲ್ಲವಲ್ಲ ಅನ್ನುವ ಮಂದಿ, ಎಲ್ಲವೂ ಅವನ ಕಣ್ಣ ಮುಂದೆ ಹಾದುಹೋಗುವುದು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಹೆಸರಿಲ್ಲದೆ ಇರುವುದು ಹೇಗೆ ಅಂತ ಅವನಿಗೆ ಗೊತ್ತಿರಲಿಲ್ಲ. ಕಲಿಯುವ ಧೈರ್ಯವೂ ಇರಲಿಲ್ಲ.

"ಇ... ಇರಲಿ," ಅಂದ. "ತಗಿಬ್ಯಾಡ. ಆಕಿ ಹೇಳಿದಂಗ ಹಾಕು."

ರಶೀದ ಕುರ್ಚಿಯ ಪಕ್ಕದಲ್ಲಿ ನಿಂತೇ ಕೀಲಿಮಣೆಯ ಮೇಲೆ ಬಾಗಿದ. ಎಡಗಡೆಯ ಅಂಜನಾಳಿಗೆ ಬಲಗಡೆಯೂ ಅಂಜನಾ ಅಂತ ಹೊಡೆದ. ಕೌಸಲ್ಯಾಬಾಯಿಗೂ ಅಂಜನಾ ಅಂತಲೇ ಹೊಡೆದ. ಏಕನಾಥರಾವನ ಸಾಲಿಗೆ ಬಂದು "ನೋಡಿ" ಅಂತ ಹೊಡೆದು ಕೈ ನಿಲ್ಲಿಸಿದ.

"ಯಾರನ್ನ ನೋಡಿ ಅಂತ ಹಾಕ್ಲಿ ಸಾಹೇಬ್ರೆ?"

"ಗೊತ್ತದಲ್ಲ, ಹಾಕು."

"ಇಲ್ಲ ಸಾಹೇಬ್ರೆ. ಹ್ವಾದ ಸಲ ಫೋನಿನಾಗ ಹೇಳಿದ್ರಿ, ಬೈಗುಳ ನಾ ತಿಂದೆ. ಇದು ನಿಮ್ಮ ಹೆಸರಿನ ಸಾಲು. ಇದರ ಮುಂದ ಏನು ಬರಬೇಕು, ಎಲ್ಲರ ಮುಂದ ನಿಮ್ಮ ಬಾಯಿಲೇ ಹೇಳ್ರಿ. ಹೇಳಿದ್ದೇ ಹೊಡೀತೇನಿ."

ಏಕನಾಥರಾವ ತಮ್ಮನ ಮಗಳ ಕಡೆ ನೋಡಿದ, ಶಾಲುಬಾಯಿ ನೋಟ ತೆಗೆಯಲಿಲ್ಲ. ಗಿರಾಕಿಯ ಕಡೆ ನೋಡಿದ, ಅವನು ಬಾಯಿ ತೆರೆದುಕೊಂಡು ಕಾಯುತ್ತಿದ್ದ. ಕೊನೆಗೆ ಗೋಡೆಯ ಕಡೆ ತಿರುಗಿ, ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, ಗಂಟಲು ಸರಿಮಾಡಿಕೊಂಡ.

"ಅಂಜನಾ," ಅಂದ.

"ಓ," ಅಂದಳು ಅಂಜನಾ.

ಹೊಸ ಹಾಳೆ ಅಚ್ಚಾಗಿ ಹೊರಗೆ ಬಂದು, ಮಗಳು ಅದನ್ನು ತಂದು ಅವಳ ಬೆರಳನ್ನು ಆ ಸಾಲಿನ ಮೇಲೆ ಇಡುವ ತನಕ ಅವಳು ಕುರ್ಚಿ ಬಿಟ್ಟು ಏಳಲಿಲ್ಲ.